ಕಪ್ ಅಂದರೆ ಎಷ್ಟು?

ನಾನು ಮಾಡಿದ ಕೇಕಿಗೆ ಚಾಕು ಇಳಿಯಲಿಲ್ಲ. ಹುಬ್ಬಳ್ಳಿ ಗೆಳತಿ ತಟ್ಟೆ ಎತ್ತಿ ನೋಡಿದಳು. "ಇದು ತಿನ್ನಲಿಕ್ಕೋ, ಕಾಂಪೌಂಡ್ ಕಟ್ಟಲಿಕ್ಕೋ?"

"ಬರೆದ ಹಾಗೇ ಮಾಡಿದ್ದೇನೆ. ಎರಡು ಕಪ್ ಮೈದಾ. ಒಂದು ಕಪ್ ಅಂದರೆ 250, ಅಲ್ವಾ? ಹೊಸ ತಕ್ಕಡಿಯಲ್ಲಿ ಅರ್ಧ ಕಿಲೋ ತೂಗಿ ಹಾಕಿದೆ."

ಮೆಲ್ಬರ್ನ್‌ನಿಂದ ರಜೆಗೆ ಬಂದಿದ್ದವಳು ಹಣೆ ಚಚ್ಚಿಕೊಂಡಳು. "ಆ 250 ಮಿಲಿಲೀಟರ್ ಕಣೇ! ನೀರಿಗಾದರೆ ಗ್ರಾಂ ಕೂಡ ಅಷ್ಟೇ. ಮೈದಾ ಹಗುರ, ಕಪ್ಪಿಗೆ 125 ಗ್ರಾಂ ಆಸುಪಾಸು. ನೀನು ನಾಲ್ಕು ಕಪ್ ಸುರಿದಿದ್ದೀಯ."

"ಸಕ್ಕರೆ?"

"ಸುಮಾರು 200 ಗ್ರಾಂ. ಜೇನುತುಪ್ಪ 350ರ ಹತ್ತಿರ. ಮೈದಾನೂ ಜರಡಿ ಹಿಡಿದು ತುಂಬಿದರೆ ಒಂದು ತೂಕ, ಡಬ್ಬಕ್ಕೇ ಕಪ್ ಅದ್ದಿ ಒತ್ತಿ ತೆಗೆದರೆ ಇನ್ನೊಂದು."

ಅಂದರೆ ಕಪ್ಪಿಗೂ ಮೂಡು ಇರುತ್ತದೆ.

"ನಮ್ಮಜ್ಜಿಗೆ ಈ ತಲೆನೋವೇ ಇರಲಿಲ್ಲ" ಎಂದೆ. "ಒಂದೇ ಒಂದು ಹಿತ್ತಾಳೆ ಪಾವು ಇತ್ತು."

"ಪಾವು ಅಂದರೆ ಕಾಲು ಕಿಲೋ" ಎಂದಳು ಹುಬ್ಬಳ್ಳಿಯವಳು.

"ಅಲ್ಲ, ಪಾವು ಅಂದರೆ ಪಾತ್ರೆ. ನಾಲ್ಕು ಪಾವಿಗೆ ಒಂದು ಸೇರು."

"ನಾವು ಪಾವ್ ಕಿಲೋ ಟೊಮೆಟೊ ಕೊಡಿ ಅಂತೀವಿ."

"ನಮ್ಮ ಪಾವಿನಲ್ಲಿ ಅಳೆದರೆ ಎರಡು ಟೊಮೆಟೊ ಹಿಡಿಸೀತು!"

ಜಗಳ ಸುಮ್ನೆ. ಪಾವು ಅಂದರೆ ಕಾಲು, ಅಷ್ಟೇ. ಯಾವುದರ ಕಾಲು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಸೇರು ತಾನೇ ಒಂದು ಕಡೆ ಅಳತೆ ಪಾತ್ರೆ, ಇನ್ನೊಂದು ಕಡೆ 80 ತೊಲದ ತೂಕ, ಅಂದರೆ ಸುಮಾರು 933 ಗ್ರಾಂ. ಕಿಲೋ, ಗ್ರಾಂ ತಂದ 1956ರ ಕಾನೂನು ಬಂದ ಮೇಲೆ ಸೇರು ಅಂಗಡಿಯಿಂದ ಹೋಯಿತು, ಬಾಯಿಂದ ಹೋಗಲಿಲ್ಲ.

"ಆದರೆ ಅಜ್ಜಿ ಮೈಸೂರು ಪಾಕು ಕೆಡುತ್ತಿರಲಿಲ್ಲ" ಎಂದೆ. "ಒಂದು ಪಾವು ಕಡಲೆಹಿಟ್ಟು, ಎರಡು ಸಕ್ಕರೆ, ಎರಡು ತುಪ್ಪ."

"ಎಲ್ಲಕ್ಕೂ ಒಂದೇ ಪಾತ್ರೆ" ಎಂದಳು ಮೆಲ್ಬರ್ನ್‌ನವಳು. "ಅದು ಪಾವಾದರೇನು, ಚೊಂಬಾದರೇನು? ಲೆಕ್ಕ ತಪ್ಪಲ್ಲ. ನೀನು ಅದನ್ನೇ ತಕ್ಕಡಿಗೆ ಹಾಕಿ 100 ಗ್ರಾಂ ಹಿಟ್ಟಿಗೆ 200 ಗ್ರಾಂ ಸಕ್ಕರೆ ಅಂದರೆ ಕೆಟ್ಟಿತು. ಸಕ್ಕರೆ ಕಡಲೆಹಿಟ್ಟಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ಅಲ್ಲಿ ಸುಮಾರು 400 ಗ್ರಾಂ ಬೇಕು."

ಒಂದಕ್ಕೆ ನಾಲ್ಕು! ಅಜ್ಜಿ ಕೈಯಲ್ಲಿ ನಾವು ಇಷ್ಟು ಸಕ್ಕರೆ ತಿಂದಿದ್ದೇವೆ ಅಂತ ಆವತ್ತೇ ಗೊತ್ತಾಗಿದ್ದು. ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು.

"ಹಾಗಾದರೆ ರೈಸ್ ಕುಕ್ಕರ್ ಜೊತೆ ಬಂದಿರುವ ಕಪ್ಪಲ್ಲೇ ಎಲ್ಲ ಅಳೆಯಲಾ?"

"ಅಳೆ. ಆದರೆ ಅದು ಸಾಮಾನ್ಯವಾಗಿ 180 ಮಿಲಿ. ಅಮೆರಿಕದ ಕಪ್ ಸುಮಾರು 240, ನಮ್ಮ ಆಸ್ಟ್ರೇಲಿಯಾದ್ದು 250. ದೊಡ್ಡ ಚಮಚ ಬೇರೆ ಕಡೆ 15 ಮಿಲಿ, ನಮ್ಮಲ್ಲಿ 20."

"ನಿಮ್ಮ ದೇಶದಲ್ಲಿ ಎಲ್ಲ ಜಾಸ್ತಿನೇ" ಎಂದು ಹುಬ್ಬಳ್ಳಿಯವಳು ಚಹಾಕ್ಕೆ ಎದ್ದಳು. ಅಡುಗೆಮನೆಯಿಂದ ಕೂಗಿದಳು. "ಸಕ್ಕರೆ ಎಷ್ಟು ಹಾಕಲಿ?"

"ಒಂದು ಚಮಚ."

"ಯಾವ ದೇಶದ್ದು?"

ಕೇಕನ್ನು ಕೊನೆಗೆ ಚಹಾದಲ್ಲಿ ಅದ್ದಿ ತಿಂದೆವು. ರಸ್ಕ್ ಅಂದುಕೊಂಡರೆ ಚೆನ್ನಾಗಿಯೇ ಇತ್ತು.