‘ಶಿಶಿಕ್ಷು’ ಬದಲು ‘ಕಸುಬಿನ ಶಿಷ್ಯ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಉದ್ಯಮಬಾಗ ಸುತ್ತಮುತ್ತ ಫೌಂಡ್ರಿಗಳು, ಅಂದರೆ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆಗಳು, ಜಾಸ್ತಿ. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಹುಡುಗರಿಗೆ ಕಬ್ಬಿಣದ ಕೆಲಸ ಕಲಿಯುವ ದಾರಿ ತಿಳಿಸಲು ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ‘ಅಪ್ರೆಂಟಿಸ್’ (ಕೆಲಸದ ಜಾಗದಲ್ಲೇ ದುಡಿಯುತ್ತ ಕಸುಬು ಕಲಿಯುವವನು) ಎಂಬ ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಸರ್ಕಾರಿ ಪ್ರಕಟಣೆಗಳಲ್ಲಿ ಇದಕ್ಕೆ ‘ಶಿಶಿಕ್ಷು’ ಎಂದಿರುತ್ತದೆ. ನಾನೂ ಮೊದಲು ಅದನ್ನೇ ಬರೆದೆ. ಒಬ್ಬ ಹುಡುಗನ ತಾಯಿಗೆ ಓದಿ ಹೇಳಿದಾಗ ಅವರು ಗಾಬರಿಯಿಂದ ಕೇಳಿದರು: “ಶಿಕ್ಷೆ ಯಾಕ್ರೀ ಸರ? ನಮ್ಮ ಹುಡುಗ ಏನ್ ತಪ್ಪ ಮಾಡ್ಯಾನ?” ಅವರ ಪ್ರಶ್ನೆ ಸರಿಯಾಗಿಯೇ ಇದೆ. ಸಂಸ್ಕೃತದಲ್ಲಿ ‘ಶಿಕ್ಷ್’ ಎಂದರೆ ಕಲಿ. ಅದು ಹುಟ್ಟಿದ್ದೇ ‘ಶಕ್’ ಧಾತುವಿಗೆ ಬಯಕೆಯ ಅರ್ಥ ಸೇರಿ. ‘ಮಾಡಬಲ್ಲವನಾಗಲು ಬಯಸು’ ಎಂಬ ಭಾವ ಅದರಲ್ಲಿದೆ. ತುಂಬ ಚಂದದ ಅರ್ಥ. ಆದರೆ ಕನ್ನಡದಲ್ಲಿ ಕಲಿಕೆ ‘ಶಿಕ್ಷಣ’ಕ್ಕೆ ಹೋಯಿತು, ‘ಶಿಕ್ಷೆ’ಗೆ ದಂಡನೆ ಮಾತ್ರ ಉಳಿಯಿತು.

ಹಾಗಾದರೆ ಜನ ಏನನ್ನುತ್ತಾರೆ? “ಹುಡುಗನ್ನ ಮೇಸ್ತ್ರಿ ಕೈಕೆಳಗ ಹಚ್ಚೀವಿ” ಅನ್ನುತ್ತಾರೆ. ಕಲಿತ ಮೇಲೆ “ಕೈ ಪಳಗೇತಿ” ಅನ್ನುತ್ತಾರೆ. (ಈ ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದದ್ದು, ಈಗ ಪೂರ್ತಿ ನಮ್ಮದು.) ಆದರೆ ಕೈಕೆಳಗಿರುವ ಹುಡುಗನನ್ನು ಕರೆಯುವುದು ‘ಹೆಲ್ಪರ್’ ಎಂದು. ಇದನ್ನು ನಾನು ಒಪ್ಪಲಾರೆ. ಹೆಲ್ಪರ್ ಪಗಾರಕ್ಕೆ ದುಡಿಯುವವನು, ಅವನಿಗೆ ಕಲಿಸಲೇಬೇಕೆಂದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವನಿಗೆ ಕರಾರು ಇರುತ್ತದೆ, ಕಲಿಸುವ ಹೊಣೆ ಮಾಲೀಕನ ಮೇಲಿರುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಹುಡುಗ ವರ್ಷವಿಡೀ ಸುಮ್ನೆ ಮರಳು ಹೊತ್ತರೂ ಮನೆಯವರಿಗೆ ಗೊತ್ತಾಗುವುದಿಲ್ಲ.

ನನಗೆ ದಾರಿ ಸಿಕ್ಕಿದ್ದು ‘ಶಿಷ್ಯವೇತನ’ದಲ್ಲಿ. ಅಪ್ರೆಂಟಿಸ್‌ಗೆ ಕೊಡುವ ಹಣಕ್ಕೆ ಕಚೇರಿಯವರೇ ಬಳಸುವ ಪದ ಇದು. ವೇತನ ಶಿಷ್ಯನದಾದರೆ ಪಡೆಯುವವನೂ ಶಿಷ್ಯನೇ ಅಲ್ವಾ? ‘ಶಿಷ್ಯ’ ಎಂದರೆ ಬರೀ ಮಠ ನೆನಪಾಗುತ್ತದೆ ಎಂದು ಯಾರಾದರೂ ಹೇಳಬಹುದು. ನಮ್ಮ ಕಡೆ ಹಾಗಿಲ್ಲ. ಗರಡಿಮನೆಯಲ್ಲಿ ವಸ್ತಾದನಿಗೂ ಶಿಷ್ಯರಿರುತ್ತಾರೆ. ಹಾಗಾಗಿ ‘ಕಸುಬಿನ ಶಿಷ್ಯ’ ಎಂದು ಬರೆಯುವ ಮನಸ್ಸಾಗಿದೆ. ಹುಡುಗಿಯರಿಗೆ ‘ಕಸುಬಿನ ಶಿಷ್ಯೆ’.

ಪದವಿಯದು ಇನ್ನೊಂದು ತೊಡಕು. ‘ಪದವೀಧರ ಅಪ್ರೆಂಟಿಸ್’ ಎಂದರೆ ಡಿಗ್ರಿ ಮುಗಿಸಿ ಬಂದವನು. ಕೆಲಸ ಕಲಿಯುತ್ತಲೇ ಡಿಗ್ರಿ ಪಡೆಯುವುದು ಬೇರೆ. ಅದಕ್ಕೆ ‘ಕಸುಬುಗೂಡಿದ ಪದವಿ’ ಸರಿಯಾದೀತೇ? 2 ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಈ ಏಣಿ ಹುಡುಗರಿಗೆ ಕಾಣಬೇಕು ಎಂಬುದೇ ನನ್ನ ಆಸೆ.

ಕೊನೆಗೆ, ಕಸುಬಿನ ಹೆಸರು. ಕಂಬಾರ ಕಬ್ಬಿಣ ಕಾಯಿಸಿ ಬಡಿಯುತ್ತಾನೆ. ಫೌಂಡ್ರಿಯವನು ಕರಗಿಸಿ, ಮರಳಿನ ಅಚ್ಚಿಗೆ ಎರಕ ಹೊಯ್ಯುತ್ತಾನೆ. ಉಕ್ಕಿನ ತೊಲೆಗಳನ್ನು ಎತ್ತರಕ್ಕೆ ಏರಿಸಿ, ಬೋಲ್ಟ್ ಬಿಗಿದು ಕಟ್ಟಡ ನಿಲ್ಲಿಸುವವನು ಮೂರನೆಯವನು. ಅಮೆರಿಕದಲ್ಲಿ ಅವನನ್ನು ಐರನ್‌ವರ್ಕರ್ ಅನ್ನುತ್ತಾರೆ. ಆ ಕಸುಬಿಗೆ 3–4 ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ಕೆಲವು ಕಡೆ ಆ ಕಲಿಕೆ ಕಾಲೇಜಿನ ಡಿಗ್ರಿಗೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ‘ಕಂಬಿ ಕಟ್ಟುವವರು’ ಎಂದರೆ ಕಾಂಕ್ರೀಟಿನ ಸರಳು ಕಟ್ಟುವವರು. ತೊಲೆ ಏರಿಸುವವರಿಗೆ ಆ ಹೆಸರು ಹೊಂದುವುದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆ ಸಕ್ಕರೆ ಕಾರ್ಖಾನೆಯ ಶೆಡ್ಡು ಏರಿಸುವ ಕೆಲಸ ನೋಡಿದವರು ಇಲ್ಲಿದ್ದರೆ, ಅಲ್ಲಿನ ಕೆಲಸಗಾರರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂದು ದಯವಿಟ್ಟು ತಿಳಿಸಿ. ಅವರ ಬಾಯಲ್ಲಿ ಇರುವ ಹಾಗೆಯೇ ಬರೆದು ಕಳಿಸಿ.