ಹೋಗದ ಫ್ಯೂಸು

"ನಮ್ಮ ಮನೆಯ ವೈರಿಂಗ್ ತಂದೆಯವರ ಕಾಲದ್ದು. ನಾನು ಕಂಡಂತೆ ಒಮ್ಮೆಯೂ ಫ್ಯೂಸ್ ಹೋಗಿಲ್ಲ" ಎಂದು ರಾಯರು ಜಗಲಿಯ ಮೇಲೆ ಕೂತು ಬೀಗಿದರು. ಮೈಸೂರಿನ ಅಗ್ರಹಾರದ ಮನೆ. ಹೆಂಚು, ಗಾರೆ, ಕಂಬ, ಎಲ್ಲವೂ ಹಳೆಯದೇ.

ಭೌತವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಕರೆಂಟು ಮಿತಿಮೀರಿದಾಗ ಕರಗಿ ಹೋಗುವುದೇ ಅದರ ಕೆಲಸವಲ್ಲವೇ? ಫ್ಯೂಸ್ ಕೂರುವ ಪಿಂಗಾಣಿ ಕಟೌಟಿನೊಳಗೆ ಏನು ಕಟ್ಟಿದ್ದೀರಿ?"

"ತಾಮ್ರದ ವೈರು ಸುಲಿದು, ಬತ್ತಿ ಹೊಸೆದ ಹಾಗೆ ನಾಲ್ಕೆಳೆ ಹೊಸೆದು ನಾನೇ ಕಟ್ಟಿದ್ದೇನೆ."

"ಹಾಗಾದರೆ ಫ್ಯೂಸ್ ಉಳಿಯುತ್ತದೆ, ಮನೆ ಹೋಗುತ್ತದೆ" ಎಂದರು ವಕೀಲರು.

ರಾಯರಿಗೆ ರೇಗಿತು. "ನಮ್ಮದು ಶಿವನಸಮುದ್ರದ ಕರೆಂಟು ಸ್ವಾಮಿ, 1902ರದು!"

"ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ನಿಮ್ಮ ಬಚ್ಚಲಿಗಲ್ಲ" ಎಂದರು ಮೇಷ್ಟ್ರು. "ತೇಗದ ಪಟ್ಟಿಯ ಮೇಲೆ ಎಳೆದ ಆ ರಬ್ಬರ್ ವೈರು ನಾಲ್ಕು ಬಲ್ಬು, ಒಂದು ರೇಡಿಯೋ ಸಾಕಲು ಹುಟ್ಟಿದ್ದು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ನೀವು ಅದನ್ನು 5 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದ್ದೀರಿ. ವೈರು ಬಿಸಿಯಾಗುತ್ತದೆ, ರಬ್ಬರ್ ಒಣಗಿ ಉದುರುತ್ತದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಅರ್ತಿಂಗ್ ಆದರೂ ಇದೆಯೇ?"

"ಇದೆ" ಎಂದರು ವಕೀಲರು. "ಫ್ರಿಜ್ಜನ್ನು ಯಾರು ಮುಟ್ಟುತ್ತಾರೋ ಅವರೇ ಅರ್ತಿಂಗ್. ಮೊನ್ನೆ ನಾನಾಗಿದ್ದೆ."

"ಸ್ವಲ್ಪ ಜುಮ್ಮೆನ್ನುತ್ತದೆ, ಅಷ್ಟೆ. ಅಡುಗೆಮನೆಯಲ್ಲಿ ಚಪ್ಪಲಿ ನಿಷಿದ್ಧ, ಅದಕ್ಕೇ ಅಮ್ಮ ಹಲಸಿನ ಮಣೆಯ ಮೇಲೆ ನಿಂತು ಬಾಗಿಲು ತೆರೆಯುತ್ತಾರೆ."

"ಮಡಿ ಎಂದುಕೊಂಡು ನಾನು ದೂರ ನಿಂತು ಕೈಮುಗಿದಿದ್ದೆನಲ್ಲ!" ಎಂದೆ ನಾನು.

ಎಲೆಕ್ಟ್ರಿಷಿಯನ್ ಬಂದು ನೋಡಿ, ಗಾರೆಗೋಡೆಯನ್ನೆಲ್ಲ ಕೊರೆಯಬೇಕು ಎಂದಿದ್ದನಂತೆ. ರಾಯರು ಅವನಿಗೆ ಮಜ್ಜಿಗೆ ಕೊಟ್ಟು ಸಾಗಹಾಕಿದ್ದರು. ಕೊರೆಯಬೇಕಾಗಿಲ್ಲ ಎಂದು ಮೇಷ್ಟ್ರು ಬಿಡಿಸಿ ಹೇಳಿದರು: ಗೋಡೆಯ ಮೇಲೆಯೇ ಪಿವಿಸಿ ಪಟ್ಟಿಯೊಳಗೆ ಹೊಸ ತಾಮ್ರದ ವೈರು, ಗೀಸರಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ಲೈನು, ಫ್ಯೂಸಿನ ಜಾಗದಲ್ಲಿ ಎಂಸಿಬಿ ಎಂಬ, ಕರೆಂಟು ಮಿತಿಮೀರಿದರೆ ತಾನೇ ಆರುವ ಸ್ವಿಚ್ಚು, ಜೊತೆಗೊಂದು ಆರ್‌ಸಿಸಿಬಿ. "30 ಮಿಲಿಆಂಪಿಯರ್ ಸೋರಿದರೂ ಸಾಕು, ಅದು ಕರೆಂಟನ್ನು ಕಡಿದುಹಾಕುತ್ತದೆ."

"ಅಷ್ಟಕ್ಕೇ ಮುನಿಸಿಕೊಳ್ಳುವವನು ನಮ್ಮ ಮನೆಯಲ್ಲಿ ಆಗಲೇ ಒಬ್ಬನಿದ್ದಾನೆ, ನನ್ನ ಭಾವಮೈದುನ."

"ಅವನಿಂದ ಜೀವ ಉಳಿಯುವುದಿಲ್ಲ, ಇದರಿಂದ ಉಳಿಯುತ್ತದೆ. ಆಮೇಲೆ ಅರ್ತಿಂಗಿಗೆ ಗುಂಡಿ ತೋಡಿಸಿ. ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು."

ನೀರು ಎಂದೊಡನೆ ರಾಯರ ಮುಖ ಅರಳಿತು. "ತುಳಸಿಕಟ್ಟೆಯ ಪಕ್ಕದಲ್ಲೇ ತೋಡಿಸುತ್ತೇನೆ. ಅಮ್ಮ ಹೇಗೂ ದಿನಾ ನೀರು ಹಾಕುತ್ತಾರೆ."

"ಉಪ್ಪಿಗೆ ತುಳಸಿ ಒಣಗುತ್ತದೆ ರಾಯರೇ."

"ಹಾಗಾದರೆ ಹಿತ್ತಿಲ ಮೂಲೆ. ಅಲ್ಲಿ ಪಕ್ಕದ ಮನೆಯವರ ಕರಿಬೇವು ಒಂದಿದೆ, ಇರಲಿ."

ವಕೀಲರು ಲೋಟ ಬದಿಗಿಟ್ಟು ನೆಟ್ಟಗೆ ಕೂತರು. "ತೋಡಿಸಿ, ತೋಡಿಸಿ. ಅವರಿಗೆ ನನ್ನ ವಿಳಾಸ ಕೊಟ್ಟಿರಿ."