ಪದಚರ್ಚೆ: ಥ್ರೆಡ್ ‘ಮಲಗು’ವುದೋ, ‘ಮಲಗಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಡಿಪ್ಲೊಮಾ ಹುಡುಗರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳಲ್ಲಿ ಒಂದು; ಅದಕ್ಕೆ ‘ಎಳೆ’ ಚೆನ್ನಾಗಿ ಒಗ್ಗಿತು. ಓಡುತ್ತಿರುವ ಎಳೆ ನಡುವೆ ನಿಲ್ಲುತ್ತದಲ್ಲ, ಅದಕ್ಕೆ ಪದ ಹೊಂದುತ್ತಿಲ್ಲ. ಎಲ್ಲದಕ್ಕೂ ‘ಸ್ಥಗಿತಗೊಳಿಸು’ ಅಂತ ಹಾಕಿದರೆ ಯಾರು ಯಾರನ್ನು ನಿಲ್ಲಿಸಿದರು ಅನ್ನುವುದೇ ಗೊತ್ತಾಗುವುದಿಲ್ಲ.

ಎಳೆಯನ್ನು ನಿಲ್ಲಿಸಲು ಜಾವಾದಲ್ಲಿ ಸ್ಲೀಪ್, ವೇಟ್ ಅನ್ನುವ ಆಜ್ಞೆಗಳಿವೆ. ಸ್ಲೀಪ್‌ನಲ್ಲಿ ಎಳೆ ತಾನೇ ಇಷ್ಟು ಹೊತ್ತು ಅಂತ ಸುಮ್ನಿರುತ್ತದೆ. 1000 ಕೊಟ್ಟರೆ 1000 ಮಿಲಿಸೆಕೆಂಡ್. ಆದರೆ ಹಿಡಿದಿರುವ ಲಾಕ್ (ಒಮ್ಮೆಗೆ ಒಂದೇ ಎಳೆ ಒಳಗೆ ಹೋಗಲಿ ಅಂತ ಹಾಕುವ ಬೀಗ) ಬಿಡುವುದಿಲ್ಲ. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ಒಳಗೇ ನಿದ್ದೆ ಹೋದ ಹಾಗೆ. ವೇಟ್ ಹಾಗಲ್ಲ. ಲಾಕ್ ಬಿಟ್ಟುಕೊಟ್ಟು, ಇನ್ನೊಂದು ಎಳೆ ನೋಟಿಫೈ ಮಾಡಲಿ, ಅಂದರೆ ‘ಇನ್ನು ಕಾಯಬೇಡ’ ಅಂತ ತಿಳಿಸಲಿ ಅಂತ ಕಾಯುತ್ತದೆ. ಹಾಗಾಗಿ ‘ಮಲಗು’, ‘ಕಾಯು’ ಎರಡೂ ಸರಿ ಅನ್ನಿಸುತ್ತದೆ.

‘ಮಲಗಿಸು’ ಮಾತ್ರ ಬೇಡ. ಹೊಸಬರು ‘ಟಿ2.ಸ್ಲೀಪ್(1000)’ ಅಂತ ಬರೆದು ಟಿ2 ಅನ್ನುವ ಇನ್ನೊಂದು ಎಳೆ ಮಲಗಿತು ಅಂದುಕೊಳ್ಳುತ್ತಾರೆ. ಸ್ಲೀಪ್ ಸ್ಟ್ಯಾಟಿಕ್ ಮೆಥಡ್ (ಯಾವುದೋ ಒಂದು ಎಳೆಗೆ ಅಂಟಿಕೊಳ್ಳದ ಆಜ್ಞೆ) ಅಲ್ವಾ, ಮಲಗುವುದು ಆ ಸಾಲನ್ನು ಓಡಿಸುತ್ತಿರುವ ಎಳೆಯೇ. ಪಕ್ಕದವರನ್ನು ಮಲಗಿಸಲು ಅದಕ್ಕೆ ಬರುವುದಿಲ್ಲ.

‘ಮಲಗಿಸು’ವಿನ ‘ಇಸು’ವಿನಂಥ, ಇನ್ನೊಬ್ಬರಿಗೆ ಮಾಡುವ ಅರ್ಥ ಬೇಕಾಗುವುದು ಸಸ್ಪೆಂಡ್ ಅನ್ನುವ ಹಳೆಯ ಆಜ್ಞೆಗೆ. ಅಲ್ಲಿ ಒಂದು ಎಳೆ ಇನ್ನೊಂದನ್ನು ನಿಲ್ಲಿಸುತ್ತಿತ್ತು. ‘ಅಮಾನತು’ ಅಂದರೆ ಕಚೇರಿ ಆದೇಶವೇ ಕಣ್ಣಮುಂದೆ ಬರುತ್ತದೆ, ಬೇಡ. ‘ತಡೆಹಿಡಿ’ ನನಗೆ ಹಿಡಿಸಿದೆ. ತಡೆಹಿಡಿದ ಎಳೆಯ ಬಳಿಯೇ ಲಾಕ್ ಉಳಿದುಬಿಡುತ್ತಿತ್ತು. ಅದನ್ನು ಮತ್ತೆ ಓಡಿಸಬೇಕಾದ ಎಳೆಗೂ ಅದೇ ಲಾಕ್ ಬೇಕಾದರೆ ಎರಡೂ ಸಿಕ್ಕಿಕೊಂಡವು. ಇದಕ್ಕೇ 1998ರಲ್ಲಿ ಬಂದ ಜಾವಾ 1.2ರಿಂದಲೇ ‘ಇದನ್ನು ಬಳಸಬೇಡಿ’ ಅಂತ ಗುರುತು ಹಾಕಿದ್ದರು, 2024ರ ಜಾವಾ 23ರಲ್ಲಿ ತೆಗೆದೇಬಿಟ್ಟರು. ಬಳಸದ ಸಂಗತಿಗೆ ಪದ ಯಾಕೆ ಅನ್ನಬೇಡಿ, ಪರೀಕ್ಷೆಯಲ್ಲಿ ಕೇಳುತ್ತಾರೆ!

ಈಗ ನನ್ನ ಪ್ರಶ್ನೆ. ನೋಟಿಫೈಗೆ ಏನನ್ನೋಣ? ‘ಎಬ್ಬಿಸು’ ಅನ್ನೋಣವೆಂದರೆ ಕಾಯುತ್ತಾ ನಿಂತವರನ್ನು ಯಾರೂ ಎಬ್ಬಿಸುವುದಿಲ್ಲ. ‘ಎಚ್ಚರಿಸು’ ಗದರಿದ ಹಾಗೆ ಕೇಳುತ್ತದೆ. ‘ಕರೆ’ಯನ್ನು ಫಂಕ್ಷನ್ ಕಾಲ್‌ಗೆ ಕೊಟ್ಟಾಗಿದೆ. ‘ಕೂಗು’ ಆದೀತಾ?

ಯೀಲ್ಡ್ ಇನ್ನೂ ಕಷ್ಟ. ‘ಬೇಕಾದರೆ ಬೇರೆಯವರು ಓಡಲಿ’ ಅಂತ ಎಳೆ ಶೆಡ್ಯೂಲರ್‌ಗೆ (ಯಾವ ಎಳೆ ಯಾವಾಗ ಓಡಬೇಕೆಂದು ನಿರ್ಧರಿಸುವ ವ್ಯವಸ್ಥೆಗೆ) ಸೂಚನೆ ಕೊಡುತ್ತದೆ, ಅಷ್ಟೇ. ಶೆಡ್ಯೂಲರ್ ಅದನ್ನು ಕಿವಿಗೆ ಹಾಕಿಕೊಳ್ಳದೆಯೂ ಇರಬಹುದು. ‘ದಾರಿ ಬಿಡು’ ಅಂದರೆ ಬಿಟ್ಟೇಬಿಟ್ಟ ಹಾಗಾಯಿತು. ಇಂಥ ಬಾಯಿಮಾತಿನ ಉಪಚಾರಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ.